ಮನೆಯಲ್ಲೇ ತ್ರೀ ಪಾಯಿಂಟ್ ಸ್ಪರ್ಧೆ: ಚೆಂಡು ಹಿಡಿಯುವ ಮೊದಲು ಟೇಪ್ ಹಿಡಿಯಿರಿ

ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್‌ನ ತ್ರೀ ಪಾಯಿಂಟ್ ಸ್ಪರ್ಧೆ, ಅಂದರೆ ದೂರದ ಗೆರೆಯ ಹಿಂದಿನಿಂದ ರಿಂಗಿಗೆ ಚೆಂಡು ಹಾಕುವ ಸ್ಪರ್ಧೆ, ಇಟ್ಟವರ ಕಥೆ ಹೆಚ್ಚುಕಮ್ಮಿ ಒಂದೇ ಥರ. ಭಾನುವಾರ ಬೆಳಗ್ಗೆ ಮಕ್ಕಳೆಲ್ಲ ಸೇರುತ್ತಾರೆ. ಒಂದು ಚೆಂಡು, ಒಂದು ಮೊಬೈಲ್ ಟೈಮರ್. 60 ಸೆಕೆಂಡ್ ಮುಗಿಯುವಷ್ಟರಲ್ಲಿ ಮೊದಲನೆಯವನು ಹೊಡೆದದ್ದು ಒಂಬತ್ತೇ ಶಾಟ್. ಅದರಲ್ಲಿ ಎರಡು ಸಲ ಚೆಂಡು ಪಕ್ಕದ ಮನೆ ಕಾಂಪೌಂಡಿಗೆ ಹಾರಿತು. ಮೂರನೆಯವಳ ಸರದಿ ಬರುವ ಹೊತ್ತಿಗೆ "ನಾನು ಎಷ್ಟು ಹಾಕಿದ್ದೆ?" ಅಂತ ಜಗಳ. ಆಟ ಅಲ್ಲಿಗೆ ನಿಂತಿತು.

ನಾನೂ ಮೊದಲ ಎರಡು ಸಲ ಹೀಗೇ ಕೆಡಿಸಿದ್ದೇನೆ. ತಪ್ಪು ಮಕ್ಕಳ ಕೈಯಲ್ಲಿದೆ ಅಂದುಕೊಂಡು ಅವರ ಶಾಟ್ ತಿದ್ದಲು ಹೋದೆ. ತಪ್ಪು ಇದ್ದದ್ದು ಅಳತೆಯಲ್ಲಿ, ಚೆಂಡು ವಾಪಸ್ ಬರುವ ದಾರಿಯಲ್ಲಿ. ಅದಕ್ಕೇ ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೂ ಶಾಟ್ ಹೊಡೆಯುವ ಮೊದಲಿನ ಕೆಲಸ. ಬೇಜಾರಾದರೂ ಕ್ರಮ ತಪ್ಪಿಸಬೇಡಿ.

## ಅಸಲಿ ಸ್ಪರ್ಧೆಯ ಲೆಕ್ಕ

ನಾವು ಟಿವಿಯಲ್ಲಿ ನೋಡುವ, ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಸ್ಪರ್ಧೆಯಲ್ಲಿ ಗೆರೆಯ ಸುತ್ತ ಚೆಂಡು ಇಡುವ ಐದು ರ‍್ಯಾಕ್ ಇರುತ್ತವೆ. ರಿಂಗಿನ ಎರಡು ಪಕ್ಕಕ್ಕೆ ಎರಡು ಕಾರ್ನರ್, ನೇರ ಎದುರು ಟಾಪ್, ಇವುಗಳ ನಡುವೆ ಎರಡು ವಿಂಗ್. ಒಂದೊಂದರಲ್ಲೂ ಐದು ಚೆಂಡು. ನಾಲ್ಕು ರ‍್ಯಾಕ್‌ಗಳಲ್ಲಿ ಮೊದಲ ನಾಲ್ಕು ಚೆಂಡಿಗೆ ಒಂದೊಂದು ಪಾಯಿಂಟ್, ಕೊನೆಯ ಮನಿ ಬಾಲ್‌ಗೆ ಎರಡು. ಉಳಿದ ಒಂದು ರ‍್ಯಾಕ್‌ನಲ್ಲಿ ಐದೂ ಮನಿ ಬಾಲ್. ಅದನ್ನು ಎಲ್ಲಿ ಇಡಬೇಕು ಅನ್ನುವುದು ಆಟಗಾರನ ಆಯ್ಕೆ. ಇದರ ಜೊತೆಗೆ ಟಾಪ್ ಮತ್ತು ವಿಂಗ್‌ಗಳ ನಡುವೆ, ಗೆರೆಗಿಂತ ಆರು ಅಡಿ ಹಿಂದೆ, ಮೂರು ಪಾಯಿಂಟಿನ ಎರಡು ಚೆಂಡು. ಒಟ್ಟು 27 ಚೆಂಡು, 70 ಸೆಕೆಂಡ್, ಗರಿಷ್ಠ 40 ಪಾಯಿಂಟ್.

ಅಂದರೆ ಓಡಾಟವೂ ಸೇರಿ ಒಂದು ಚೆಂಡಿಗೆ ಸಿಗುವುದು ಸುಮಾರು 2.6 ಸೆಕೆಂಡ್. ಅಲ್ಲಿ ಚೆಂಡು ಎತ್ತಿಕೊಳ್ಳಲು ಸಿದ್ಧವಾಗಿ ಕೂತಿರುತ್ತದೆ. ಹೋದ ಚೆಂಡಿನ ಚಿಂತೆ ಆಟಗಾರನಿಗೆ ಇಲ್ಲ. ನಿಮ್ಮ ಮನೆಯಲ್ಲಿ 27 ಚೆಂಡು ಇಲ್ಲ, ಅಲ್ವಾ? ಹಾಗಿದ್ದ ಮೇಲೆ 70 ಸೆಕೆಂಡಿನ ನಿಯಮವೂ ನಿಮ್ಮದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ: ಅವರ ಗಡಿಯಾರ ತಂದು ನಮ್ಮ ಒಂದೇ ಚೆಂಡಿಗೆ ಕಟ್ಟುತ್ತಾರೆ.

## ಬೇಕಾದ ಸಾಮಾನು

- ಅಳತೆ ಟೇಪ್, ಹಿಗ್ಗದ ಹುರಿ (ಎಲಾಸ್ಟಿಕ್, ಉಲ್ಲನ್ ಬೇಡ), ಸೀಮೆಸುಣ್ಣ
- ದಾರಕ್ಕೆ ಕಟ್ಟಿದ ಒಂದು ಬೀಗ
- ಕನಿಷ್ಠ ಮೂರು ಚೆಂಡು, ಸೂಜಿ ಇರುವ ಪಂಪ್
- ಎರಡು ಪ್ಲಾಸ್ಟಿಕ್ ಸ್ಟೂಲ್, ಎರಡು ಹಳೇ ಟವೆಲ್
- ಎರಡು ಬಟ್ಟಲು, ಒಂದು ಹಿಡಿ ಹುಣಸೆ ಬೀಜ
- ಸ್ಟಾಪ್‌ವಾಚ್ ಇರುವ ಮೊಬೈಲ್

ಮೂರು ಚೆಂಡೂ ನಿಮ್ಮವೇ ಆಗಬೇಕಿಲ್ಲ. ಆಡಲು ಬರುವವರು ತಮ್ಮ ಚೆಂಡು ತಂದರೆ ಸಾಕು. ಆದರೆ ಮೂರೂ ಒಂದೇ ಸೈಜಿನವಾಗಿರಬೇಕು.

## ಹಂತ 1: ಜಾಗ ನೋಡುವುದು

ಗಂಡಸರ ಅಳತೆಯ ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿರುತ್ತದೆ. ಹೆಂಗಸರಿಗೂ ಅದೇ. ಚೆಂಡು ಅದಕ್ಕಿಂತ ತುಂಬಾ ಮೇಲೆ ಹೋಗುತ್ತದೆ. ಪೂರ್ತಿ ದೂರದಿಂದ ಹೊಡೆದ ಒಳ್ಳೆಯ ಶಾಟ್ ನೆಲದಿಂದ ನಾಲ್ಕೂವರೆ ಮೀಟರ್ ಹತ್ತಿರ ಏರುತ್ತದೆ. ಹಾಗಾಗಿ ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗ್ ಜಾಗ ಆಗುವುದಿಲ್ಲ. ಅಲ್ಲಿ ರಿಂಗ್ ಕೂರುವುದೇ ಕಷ್ಟ. ಕೂರಿಸಿದರೂ ಸೂರಿಗೆ ತಗುಲದ ಹಾಗೆ ಎಸೆದು ಎಸೆದು ಮಕ್ಕಳ ಶಾಟ್ ಚಪ್ಪಟೆಯಾಗುತ್ತದೆ.

ಮೇಲೆ ಕರೆಂಟ್ ತಂತಿ ಇದ್ದರೆ ಆ ಜಾಗ ಬಿಟ್ಟುಬಿಡಿ. "ಜಾಗ್ರತೆಯಾಗಿ ಆಡಿಸ್ತೀವಿ" ಅನ್ನುವ ಮಾತು ಬೇಡ. ತಂತಿಯ ಹತ್ತಿರ ಚೆಂಡು ಸಿಕ್ಕಿಕೊಂಡರೆ ಕೋಲು, ಪೈಪು ಹಿಡಿದು ಹೋಗಬೇಡಿ. ಲೈನ್‌ಮನ್‌ಗೆ ಫೋನ್ ಮಾಡಿ.

ಇನ್ನು ಟೆರೇಸ್. ನಮ್ಮ ಕಡೆ ಎಲ್ಲರೂ ಮೊದಲು ಹತ್ತುವುದು ಅಲ್ಲಿಗೇ. 30×40 ಸೈಟಿನ ಮನೆ ಅಂದುಕೊಳ್ಳಿ. 30 ಅಡಿ ಅಂದರೆ 9.14 ಮೀಟರ್. ರಿಂಗ್ ಸರಿಯಾಗಿ ನಡುವೆ ಇದ್ದರೂ ಒಂದು ಪಕ್ಕಕ್ಕೆ ಸಿಗುವುದು 4.57 ಮೀಟರ್. ನಿಲ್ಲಲು ಜಾಗ ಬಿಟ್ಟರೆ ಕಾರ್ನರ್ ದೂರ ನಾಲ್ಕು ಮೀಟರ್ ಚಿಲ್ಲರೆ. ಅದೂ ನೀರಿನ ಟ್ಯಾಂಕು, ಸೋಲಾರ್, ಮೆಟ್ಟಿಲಿನ ಕೋಣೆ ಯಾವುದೂ ಅಡ್ಡ ಬರದಿದ್ದರೆ. ಇದರಲ್ಲಿ ನಿರಾಶೆ ಪಡುವಂಥದ್ದು ಏನೂ ಇಲ್ಲ. ಫೌಲ್ ಆದಾಗ ಅಡ್ಡಿಯಿಲ್ಲದೆ ಹೊಡೆಯುವ ಫ್ರೀ ಥ್ರೋ ಗೆರೆ ರಿಂಗಿನ ನಡುವಿನಿಂದ ಇರುವುದೂ ಸುಮಾರು 4.2 ಮೀಟರ್ ದೂರದಲ್ಲೇ. ಅಷ್ಟು ದೂರದಲ್ಲಿ ಐದೂ ಜಾಗ ಗುರುತು ಮಾಡಿ ಆಡಿದರೆ ಹದಿಮೂರು-ಹದಿನಾಲ್ಕರ ಮಕ್ಕಳಿಗೆ ಬೆವರು ಇಳಿಯುತ್ತದೆ.

ಟೆರೇಸ್ ಆದರೆ ಸುತ್ತ ಬಲೆ ಕಟ್ಟಲೇಬೇಕು. ಪಾರಿವಾಳಕ್ಕೆ ಕಟ್ಟುವ ತೆಳು ಬಲೆ ಚೆಂಡಿನ ಪೆಟ್ಟು ತಡೆಯುವುದಿಲ್ಲ. ಕ್ರಿಕೆಟ್ ಅಭ್ಯಾಸದ ನೈಲಾನ್ ಬಲೆ ತನ್ನಿ. ಪ್ಯಾರಾಪೆಟ್ ಸೊಂಟಕ್ಕಿಂತ ಕೆಳಗಿದ್ದು, ಬಲೆಯೂ ಇಲ್ಲ ಅಂದರೆ ಮಕ್ಕಳನ್ನು ಅಲ್ಲಿ ಆಡಿಸಬೇಡಿ. ಚೆಂಡಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಓಡುವ ಹುಡುಗನಿಗೆ ಗೋಡೆ ಕಾಣುವುದಿಲ್ಲ.

## ಹಂತ 2: ರಿಂಗ್ ನಿಲ್ಲಿಸುವುದು

ಗೋಡೆಗೆ ಹಾಕುವುದಾದರೆ ಕಾಂಕ್ರೀಟ್ ಪಿಲ್ಲರ್ ಅಥವಾ ಬೀಮ್ ಹುಡುಕಿ, ಆಂಕರ್ ಬೋಲ್ಟ್ ಹಾಕಿಸಿ. ಬರೀ ಇಟ್ಟಿಗೆಗೆ, ಹಾಲೋ ಬ್ಲಾಕಿಗೆ ಮೊಳೆ ಹೊಡೆದರೆ ದಿನ ಕಳೆದಂತೆ ಸಡಿಲವಾಗುತ್ತದೆ. ಪ್ಯಾರಾಪೆಟ್‌ಗಂತೂ ಕಟ್ಟಲೇಬೇಡಿ. ಸಾಮಾನ್ಯವಾಗಿ ಅದು ತೆಳು ಇಟ್ಟಿಗೆ ಗೋಡೆ. ರಿಂಗಿನ ಹಿಂದಿನ ಬೋರ್ಡಿನ ಭಾರ ಮತ್ತು ಚೆಂಡಿನ ಪೆಟ್ಟು ಎರಡೂ ಸೇರಿ ಎಳೆದರೆ ಬೀಳುವುದು ಬೀದಿಯ ಕಡೆಗೆ.

ಚಕ್ರದ ಸ್ಟ್ಯಾಂಡ್ ಆದರೆ ತಳದಲ್ಲಿ ನೀರೋ ಮರಳೋ ಪೂರ್ತಿ ತುಂಬಿಸಿ. ಅರ್ಧ ತುಂಬಿದ ತಳ ಖಾಲಿ ತಳದಷ್ಟೇ ಅಪಾಯ. ಬೋರ್ಡಿಗೆ ಚೆಂಡು ಬಡಿದಾಗ ತಳದ ಒಂದು ಅಂಚು ಎದ್ದು ಕೂರುತ್ತಿದ್ದರೆ ಆಟ ನಿಲ್ಲಿಸಿ.

ಹನ್ನೆರಡರ ಒಳಗಿನ ಮಕ್ಕಳಿಗೆ ರಿಂಗ್ 2.60 ಮೀಟರ್ ಸಾಕು. ಮಿನಿ ಬ್ಯಾಸ್ಕೆಟ್‌ಬಾಲ್‌ನ ಅಳತೆಯೇ ಅದು. "ದೊಡ್ಡವನಾದ ಮೇಲೆ ಬೇಕಾಗುತ್ತೆ, ಈಗಲೇ ರೂಢಿಯಾಗಲಿ" ಅಂತ ಎತ್ತರ ಇಟ್ಟರೆ ರೂಢಿಯಾಗುವುದು ಕೆಟ್ಟ ಶಾಟ್.

## ಹಂತ 3: ಗೆರೆ ಎಳೆಯುವುದು

ಅತಿ ಹೆಚ್ಚು ತಪ್ಪು ಆಗುವ ಹಂತ ಇದು. ಹತ್ತು ನಿಮಿಷದ ಕೆಲಸ, ಆದರೆ ಯಾರೂ ಆ ಹತ್ತು ನಿಮಿಷ ಕೊಡುವುದಿಲ್ಲ.

ದೂರವನ್ನು ಕಂಬದಿಂದ ಅಳೆಯುವುದಲ್ಲ, ಬೋರ್ಡಿನಿಂದಲೂ ಅಲ್ಲ. ರಿಂಗಿನ ನಟ್ಟನಡುವಿನ ಕೆಳಗೆ ನೆಲದ ಮೇಲೆ ಬರುವ ಬಿಂದುವಿನಿಂದ ಅಳೆಯಬೇಕು. ಬೋರ್ಡಿನಿಂದ ಆ ಬಿಂದುವಿಗೆ 37.5 ಸೆಂಟಿಮೀಟರ್ ಅಂತರ. ಕಂಬದಿಂದ ಅಳೆದರೆ ವ್ಯತ್ಯಾಸ ಇನ್ನೂ ದೊಡ್ಡದು. ಗೆರೆ ಅಷ್ಟೂ ರಿಂಗಿನ ಹತ್ತಿರ ಬಂದುಬಿಡುತ್ತದೆ. ಮನೆಯಲ್ಲಿ ಸಲೀಸಾಗಿ ಹಾಕುವವರು ಕೋರ್ಟಿಗೆ ಹೋದಾಗ ರಿಂಗನ್ನೂ ಮುಟ್ಟದ ಏರ್ ಬಾಲ್ ಹೊಡೆಯಲು ಇದೂ ಒಂದು ಕಾರಣ.

ಹೀಗೆ ಮಾಡಿ:

1. ದಾರದ ತುದಿಗೆ ಬೀಗ ಕಟ್ಟಿ. ಒಬ್ಬರು ಏಣಿ ಹತ್ತಿ ರಿಂಗಿನ ನಡುವಿನಿಂದ ಅದನ್ನು ಇಳಿಬಿಡಲಿ. ಗಾರೆಯವರು ಗುಂಡು ಬಿಡುತ್ತಾರಲ್ಲ, ಹಾಗೆ. ಬೀಗ ಅಲ್ಲಾಡುವುದು ನಿಂತ ಮೇಲೆ ನೆಲಕ್ಕೆ ಗುರುತು ಹಾಕಿ.

2. ಬೇಕಾದ ದೂರಕ್ಕೆ ಹುರಿ ಕತ್ತರಿಸಿ. ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಕೋರ್ಟಿನಲ್ಲಿ ಗೆರೆ 6.75 ಮೀಟರ್ ದೂರ, ಕಾರ್ನರ್‌ನಲ್ಲಿ 6.60. ನಮ್ಮ ಊರಿನ ಕೋರ್ಟುಗಳಲ್ಲಿ ನೋಡುವುದು ಇದನ್ನೇ. ಎನ್‌ಬಿಎ ಗೆರೆ 7.24 ಮೀಟರ್, ಕಾರ್ನರ್ 6.70. ಮನೆಗೆ ಎನ್‌ಬಿಎ ಅಳತೆ ಸುಮ್ನೆ ಹಠ. ಮನೆಯ ಟೇಪ್ ಸಾಮಾನ್ಯವಾಗಿ ಐದು ಮೀಟರಿನದು. ಎರಡು ಸಲ ಅಳೆಯುವಾಗ ಮೊದಲ ಐದು ಮೀಟರಿಗೆ ಹುರಿಯ ಮೇಲೆ ಪೆನ್ನಿನ ಗುರುತು ಹಾಕಿಕೊಳ್ಳಿ.

3. ಹುರಿಯ ಒಂದು ತುದಿಯನ್ನು ಬಿಂದುವಿನ ಮೇಲೆ ಒಬ್ಬರು ಒತ್ತಿ ಹಿಡಿಯಲಿ. ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ಹುರಿ ಬಿಗಿಯಾಗಿಯೇ ಇಟ್ಟುಕೊಂಡು ಅರ್ಧ ಚಂದ್ರ ಎಳೆಯಿರಿ.

4. ರಿಂಗಿನ ನೇರ ಮುಂದೆ ಟಾಪ್. ಬೋರ್ಡಿಗೆ ಸಮಾನಾಂತರವಾಗಿ ಎರಡೂ ಪಕ್ಕಕ್ಕೆ ಕಾರ್ನರ್.

5. ವಿಂಗ್ ಗುರುತಿಗೆ ಗಣಿತ ಬೇಡ. ಕಾರ್ನರ್‌ನಿಂದ ಟಾಪ್‌ಗೆ ಇನ್ನೊಂದು ದಾರ ಎಳೆದು, ಅದನ್ನು ಮಡಚಿ ನಡು ಗುರುತಿಸಿ. ರಿಂಗಿನ ಕೆಳಗಿನ ಬಿಂದುವಿನಿಂದ ಆ ನಡುವಿನ ಮೇಲೆ ಹಾಯುವಂತೆ ದೊಡ್ಡ ಹುರಿ ಎಳೆಯಿರಿ. ಅದರ ತುದಿ ಎಲ್ಲಿ ಬರುತ್ತದೋ ಅದೇ ವಿಂಗ್.

ರಂಗೋಲಿ ಪುಡಿಯಲ್ಲಿ ಗೆರೆ ಎಳೆಯಬೇಡಿ. ನೋಡಲು ಚೆಂದ, ಆದರೆ ಶೂ ಕೆಳಗೆ ಜಾರುತ್ತದೆ. ಕಾಲಿಟ್ಟು ಹಾರುವ ಜಾಗವೇ ಅದು.

ಎಷ್ಟು ದೂರ ಇಡಬೇಕು ಅಂತ ಗೊತ್ತಾಗದಿದ್ದರೆ, ಆಡುವವರಲ್ಲಿ ತೀರಾ ಎಳೆಯವರನ್ನು ನಿಲ್ಲಿಸಿ ನೋಡಿ. ಮುಂದಕ್ಕೆ ಧುಮುಕದೆ, ನಿಂತಲ್ಲೇ ಹಾರಿ ಹತ್ತರಲ್ಲಿ ಮೂರು ಚೆಂಡು ಹಾಕುವ ದೂರ ಸರಿಯಾದ ದೂರ. ದೊಡ್ಡವರಿಗೆ ಬೇಕಿದ್ದರೆ ಒಂದು ಮೀಟರ್ ಹಿಂದೆ ಬೇರೆ ಬಣ್ಣದ ಗೆರೆ ಎಳೆಯಿರಿ.

## ಹಂತ 4: ಚೆಂಡು ಸಿದ್ಧ ಮಾಡುವುದು

ಗಂಡಸರಿಗೆ 7ನೇ ಸೈಜ್, ಹೆಂಗಸರಿಗೆ 6, ಹನ್ನೆರಡರ ಒಳಗಿನವರಿಗೆ 5. ಸಿಮೆಂಟ್ ನೆಲಕ್ಕೆ ರಬ್ಬರ್ ಚೆಂಡೇ ಸರಿ. ಒಳಾಂಗಣದ ಚೆಂಡು ತಂದು ಟೆರೇಸ್ ಮೇಲೆ ಆಡಿದರೆ ಮೇಲ್ಮೈ ಬೇಗ ಸವೆದು ನುಣ್ಣಗಾಗುತ್ತದೆ.

ಗಾಳಿ ನೋಡಲು ಭುಜದ ಮಟ್ಟದಿಂದ ಚೆಂಡು ಬಿಡಿ. ಪುಟಿದು ಸೊಂಟದ ಮೇಲಕ್ಕೆ ಬರಬೇಕು. ಮೂರೂ ಚೆಂಡನ್ನು ಪಕ್ಕಪಕ್ಕ ಬಿಟ್ಟು ನೋಡಿ. ಒಂದೊಂದು ಒಂದೊಂದು ಎತ್ತರಕ್ಕೆ ಪುಟಿದರೆ ಮೊದಲು ಅದನ್ನು ಸರಿ ಮಾಡಿ. ಪಂಪಿನ ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ. ಒಣ ಸೂಜಿ ಒಳಗಿನ ವಾಲ್ವ್ ಹರಿಯುತ್ತದೆ. ನಾನು ಎರಡು ಚೆಂಡು ಕಳೆದುಕೊಂಡದ್ದು ಹೀಗೆ.

## ಹಂತ 5: ಚೆಂಡು ವಾಪಸ್ ಬರುವ ವ್ಯವಸ್ಥೆ

ರ‍್ಯಾಕ್ ಬದಲು ಸ್ಟೂಲ್ ಇಡಿ. ಹಳೇ ಟವೆಲ್ ಸುತ್ತಿ ಸಿಂಬಿ ಮಾಡಿ ಅದರ ಮೇಲೆ ಇಟ್ಟರೆ ಚೆಂಡು ಉರುಳುವುದಿಲ್ಲ. ಕೊಡ ಹೊತ್ತವರಿಗೆ ಈ ಉಪಾಯ ಹೊಸದೇನಲ್ಲ. ಸ್ಟೂಲ್ ಆಡುವವರ ಪಕ್ಕದಲ್ಲಿರಲಿ, ಹಿಂದೆ ಬೇಡ. ಹಿಂದಿದ್ದರೆ ಪ್ರತಿ ಸಲ ತಿರುಗಿ, ಪಾದ ಕದಲಿ, ಗುರಿ ಹಾಳು.

ಕೆಲಸ ಹಂಚಿಕೊಳ್ಳಿ. ಒಬ್ಬರು ರಿಬೌಂಡ್ (ತಪ್ಪಿ ಪುಟಿದ ಚೆಂಡು) ಹಿಡಿಯುವವರು, ಒಬ್ಬರು ಸ್ಟೂಲ್‌ಗೆ ಚೆಂಡು ತುಂಬುವವರು, ಒಬ್ಬರು ಪಾಯಿಂಟ್ ಮತ್ತು ಸಮಯ ನೋಡುವವರು. ರಿಬೌಂಡ್ ಹಿಡಿಯುವವರು ರಿಂಗಿನ ಕೆಳಗೆ ನಿಲ್ಲಬಾರದು. ದೂರದ ಶಾಟ್ ತಪ್ಪಿದರೆ ಚೆಂಡು ದೂರಕ್ಕೇ ಪುಟಿಯುತ್ತದೆ. ಕಾರ್ನರ್‌ನಿಂದ ಹೊಡೆದದ್ದು ಹೆಚ್ಚಾಗಿ ಎದುರು ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಅವರು ಆಡುವವರ ಎದುರು ಪಕ್ಕದಲ್ಲಿ, ಎರಡು ಮೂರು ಹೆಜ್ಜೆ ಆಚೆ ಇರಲಿ.

ಎರಡು ಸ್ಟೂಲ್ ಇದ್ದರೆ ಐದು ಜಾಗಕ್ಕೂ ಸಾಕು. ಒಂದರಲ್ಲಿ ಆಡುತ್ತಿರುವಾಗ ಇನ್ನೊಂದು ಮುಂದಿನ ಗುರುತಿಗೆ ಹೋಗಿರುತ್ತದೆ. ನೆಲದ ಮೇಲೆ ಉರುಳುತ್ತಿರುವ ಚೆಂಡು ಆಡುವವರ ಕಾಲ ಬುಡಕ್ಕೆ ಬಂದರೆ ಯಾರಾದರೂ "ಚೆಂಡು!" ಅಂತ ಕೂಗಬೇಕು, ಗಡಿಯಾರ ನಿಲ್ಲಬೇಕು. ಹಾರಿ ಇಳಿಯುವಾಗ ಚೆಂಡಿನ ಮೇಲೆ ಕಾಲಿಟ್ಟರೆ ಪಾದದ ಗಿಣ್ಣು ಉಳುಕದೆ ಇರುವುದಿಲ್ಲ. ಈ ಒಂದು ನಿಯಮದಲ್ಲಿ ರಿಯಾಯಿತಿ ಬೇಡ.

## ಹಂತ 6: ನಿಮ್ಮ ಗಡಿಯಾರ ಕಂಡುಕೊಳ್ಳುವುದು

ಸ್ಪರ್ಧೆಗೆ ಮೊದಲು ಒಬ್ಬರನ್ನು ಟಾಪ್‌ನಲ್ಲಿ ನಿಲ್ಲಿಸಿ ಐದು ಶಾಟ್ ಹೊಡೆಸಿ. ಅವಸರ ಬೇಡ. ಎಷ್ಟು ಸೆಕೆಂಡ್ ಆಯಿತು ನೋಡಿ. ಅದನ್ನು ಐದರಿಂದ ಗುಣಿಸಿ, ಜಾಗ ಬದಲಿಸಲು ಹನ್ನೆರಡು ಸೆಕೆಂಡ್ ಸೇರಿಸಿ. ಐದು ಶಾಟ್‌ಗೆ 22 ಸೆಕೆಂಡ್ ಆದರೆ 110, ಜೊತೆಗೆ 12. ಅಂದರೆ 122. ಅದರಲ್ಲಿ ಹತ್ತು ಸೆಕೆಂಡ್ ಕಡಿಮೆ ಮಾಡಿ. ಕೊನೆಯ ಸ್ಟೂಲ್‌ನಲ್ಲಿ ಸ್ವಲ್ಪ ಪರದಾಡಬೇಕು, ಮಜಾ ಇರುವುದೇ ಅಲ್ಲಿ.

ಒಂದೇ ಚೆಂಡು ಇದ್ದರೆ, ಅಥವಾ ಇಬ್ಬರೇ ಇದ್ದರೆ, ಗಡಿಯಾರ ಬಿಟ್ಟುಬಿಡಿ. ಐದು ಜಾಗದಿಂದ ಐದೈದು ಶಾಟ್, ಸಮಯದ ಮಿತಿ ಇಲ್ಲ. ಅದೂ ಸ್ಪರ್ಧೆಯೇ. ಒಂದು ಚೆಂಡಿನ ಹಿಂದೆ ಓಡುತ್ತಾ ಗಡಿಯಾರ ನೋಡುವುದು ಓಟದ ಸ್ಪರ್ಧೆ.

## ಹಂತ 7: ಪಾಯಿಂಟ್ ಲೆಕ್ಕ

ಮನೆಯಲ್ಲಿ ಆರು ಅಡಿ ಹಿಂದಿನ ಆ ಎರಡು ಚೆಂಡು ಬಿಡಿ. 25 ಶಾಟ್, ನಾಲ್ಕು ಜಾಗದಲ್ಲಿ ಕೊನೆಯದು ಮನಿ ಬಾಲ್, ಒಂದು ಜಾಗದಲ್ಲಿ ಐದೂ ಮನಿ ಬಾಲ್. ಗರಿಷ್ಠ 34. ಎಲ್ಲ ಮನಿ ಬಾಲ್ ಇರುವ ಜಾಗ ಯಾವುದು ಅಂತ ಆಡುವವರು ಶುರುವಿಗೆ ಮೊದಲೇ ಜೋರಾಗಿ ಹೇಳಬೇಕು. ಹಾಕಿದ ಮೇಲೆ "ನಾನು ಇದನ್ನೇ ಅಂದುಕೊಂಡಿದ್ದೆ" ಅನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಮೂರೇ ಚೆಂಡು ಇರುವುದರಿಂದ ಬಣ್ಣದ ಚೆಂಡು ಬೇರೆ ಇಡಲು ಆಗದು. ಚೆಂಡಿಗೆ ಟೇಪ್ ಸುತ್ತಿದರೆ ಹಿಡಿತ ಕೆಡುತ್ತದೆ. ಬದಲಿಗೆ ಸ್ಟೂಲ್‌ಗೆ ಚೆಂಡು ತುಂಬುವವರು ಐದನೆಯದನ್ನು ಇಡುವಾಗ "ಮನಿ!" ಅಂತ ಕೂಗಲಿ.

ಎಣಿಕೆಗೆ ಹುಣಸೆ ಬೀಜ. ಚೆಂಡು ಬಿದ್ದಾಗ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಒಂದು ಬೀಜ, ಮನಿ ಬಾಲ್‌ಗೆ ಎರಡು. ಚೌಕಾಬಾರ ಆಡುವ ಅಜ್ಜಿ ಮನೆಯಲ್ಲಿದ್ದರೆ ಈ ಕೆಲಸ ಅವರಿಗೇ ಕೊಡಿ. ಅವರ ಎದುರು ಯಾರೂ ಲೆಕ್ಕ ತಪ್ಪಿಸುವುದಿಲ್ಲ. ಬಾಯಲ್ಲಿ ಎಣಿಸಿದರೆ ಮೂರನೇ ಜಾಗಕ್ಕೆ ಬರುವಷ್ಟರಲ್ಲಿ ಮರೆತಿರುತ್ತದೆ.

ಗೆರೆ ತುಳಿದು ಹೊಡೆದದ್ದು ಲೆಕ್ಕಕ್ಕಿಲ್ಲ. ಹಾರಿ, ಚೆಂಡು ಬಿಟ್ಟ ಮೇಲೆ ಗೆರೆ ಮುಂದೆ ಇಳಿದರೆ ಪರವಾಗಿಲ್ಲ. ಬೀಪ್ ಆಗುವ ಮೊದಲೇ ಕೈಬಿಟ್ಟ ಚೆಂಡು ಆಮೇಲೆ ಬಿದ್ದರೂ ಲೆಕ್ಕಕ್ಕೆ ಬರುತ್ತದೆ. ಸಮ ಆದರೆ ಟಾಪ್‌ನಿಂದ ಐದು ಶಾಟ್ ಹೊಡೆಸಿ.

ಕಡಿಮೆ ಬಂತು ಅಂತ ಮಕ್ಕಳು ಮುಖ ಸಣ್ಣ ಮಾಡಿದರೆ ಒಂದು ಅಂಕಿ ಹೇಳಿ: 2021ರ ಎನ್‌ಬಿಎ ಸ್ಪರ್ಧೆಯಲ್ಲಿ ಸ್ಟಾರ್ ಆಟಗಾರ ಸ್ಟೀಫನ್ ಕರಿ ಮೊದಲ ಸುತ್ತಿನಲ್ಲಿ ಗಳಿಸಿದ್ದು 40ಕ್ಕೆ 31. ಅವರೂ ತಪ್ಪಿಸುತ್ತಾರೆ. ನಮ್ಮ ಮನೆ ಸ್ಪರ್ಧೆಯಲ್ಲಿ 34ಕ್ಕೆ ಹನ್ನೆರಡು ಬಂದರೆ ಅವತ್ತು ಐಸ್‌ಕ್ರೀಮ್.

## ಹಂತ 8: ಮೈ ಬಿಸಿ ಮಾಡುವುದು

ನೇರವಾಗಿ ಗೆರೆಗೆ ಹೋಗಿ ನಿಲ್ಲಬೇಡಿ. ರಿಂಗಿನಿಂದ ಒಂದೂವರೆ ಮೀಟರ್ ದೂರದಲ್ಲಿ, ಒಂದೇ ಕೈಯಲ್ಲಿ, ಐದು ಚೆಂಡು ಬೀಳುವ ತನಕ. ಆಮೇಲೆ ಎರಡು ಹೆಜ್ಜೆ ಹಿಂದೆ, ಮತ್ತೆ ಐದು. ಹೀಗೆ ಗೆರೆ ತನಕ ಬನ್ನಿ. ಹಿಮ್ಮಡಿಯ ನರ, ಭುಜ, ಮಣಿಕಟ್ಟು ಸಡಿಲ ಮಾಡಿಕೊಳ್ಳಿ. ಹದಿನೈದು ನಿಮಿಷ ಸಾಕು.

## ಹಂತ 9: ಸುತ್ತು ಆಡುವುದು

ಒಂದು ಕಾರ್ನರ್‌ನಿಂದ ಶುರು ಮಾಡಿ ಇನ್ನೊಂದರ ಕಡೆ ಹೋಗಿ. ಚೆಂಡು ಕೈಬಿಟ್ಟ ತಕ್ಷಣ ಕಣ್ಣು ಮುಂದಿನ ಚೆಂಡಿನ ಮೇಲೆ ಇರಬೇಕು. ಹೋದ ಚೆಂಡು ಬಿತ್ತೋ ಇಲ್ಲವೋ ಅಂತ ಬಾಯಿಬಿಟ್ಟು ನೋಡುವುದರಲ್ಲೇ ಶಾಟಿಗೆ ಒಂದು ಸೆಕೆಂಡ್ ಹೋಗುತ್ತದೆ. 25 ಶಾಟಿಗೆ 25 ಸೆಕೆಂಡ್! ಬಿದ್ದದ್ದು ಬೀಜ ಎಣಿಸುವವರಿಗೆ ಗೊತ್ತಿರುತ್ತದೆ, ಬಿಡಿ.

ಮೊದಲ ಎರಡು ಜಾಗದಲ್ಲಿ ಓಡಬೇಡಿ. ಎಲ್ಲರೂ ಮೊದಲ ಸ್ಟೂಲ್‌ನಲ್ಲೇ ಉಸಿರು ಖರ್ಚು ಮಾಡಿ ನಾಲ್ಕನೆಯದಕ್ಕೆ ಬರುವಾಗ ಕಾಲು ಸೋತಿರುತ್ತಾರೆ. ಕಾಲು ಸೋತರೆ ಚೆಂಡು ಚಪ್ಪಟೆಯಾಗಿ ಹೋಗುತ್ತದೆ. ಚಪ್ಪಟೆ ಶಾಟ್ ಯಾಕೆ ಬೀಳುವುದಿಲ್ಲ ಅನ್ನುವುದಕ್ಕೆ ಲೆಕ್ಕ ಇದೆ. ರಿಂಗಿನ ಅಗಲ 45 ಸೆಂಟಿಮೀಟರ್, 7ನೇ ಸೈಜಿನ ಚೆಂಡಿನ ಅಡ್ಡಳತೆ ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಚೆಂಡಿಗಿಂತ ಕಿರಿದು. ರಿಂಗ್ ತಾಗದೆ ಒಳಗೆ ಹೋಗುವ ಮಾತೇ ಇಲ್ಲ.

## ಎಚ್ಚರಿಕೆಯ ಸೂಚನೆಗಳು

ಸತತ ಎರಡು ಚೆಂಡು ರಿಂಗಿನ ಮುಂಭಾಗಕ್ಕೆ ಬಡಿದರೆ ಕಾಲು ದಣಿದಿದೆ. ತೋಳಿನಿಂದ ನೂಕಬೇಡಿ, ಮಂಡಿ ಇನ್ನಷ್ಟು ಬಗ್ಗಿಸಿ. ಎಡಕ್ಕೊಂದು ಬಲಕ್ಕೊಂದು ತಪ್ಪುತ್ತಿದ್ದರೆ ಪಾದ ಮತ್ತು ಮೊಣಕೈ ನೋಡಿ. ಸ್ಟೂಲ್‌ನಿಂದ ಚೆಂಡು ಎತ್ತುವಾಗ ಮೈ ತಿರುಗಿ ಹಾಗೇ ಉಳಿದಿರುತ್ತದೆ.

ಮಗು ಚೆಂಡನ್ನು ಎದೆಯಿಂದ, ಅಥವಾ ಸೊಂಟದ ಪಕ್ಕದಿಂದ ಎರಡೂ ಕೈಯಲ್ಲಿ ತೂರುತ್ತಿದ್ದರೆ ಬೈಯಬೇಡಿ. ಚೆಂಡು ಭಾರ, ಇಲ್ಲವೇ ಗೆರೆ ದೂರ. ಒಂದು ಸೈಜ್ ಚಿಕ್ಕದು ಕೊಡಿ, ಗೆರೆ ಒಂದು ಮೀಟರ್ ಒಳಗೆ ತನ್ನಿ.

ಭುಜದಲ್ಲಿ ಅಥವಾ ಮೊಣಕೈ ಒಳಭಾಗದಲ್ಲಿ ಚುಚ್ಚಿದಂಥ ನೋವು ಬಂದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ಬೆರಳಿಗೆ ಚೆಂಡು ನೇರ ಬಡಿದು ಊದಿಕೊಂಡರೆ ಎಳೆದು ನೆಟ್ಟಗೆ ಮಾಡಲು ಹೋಗಬೇಡಿ. ಐಸ್ ಇಡಿ, ಬೆರಳು ಮಡಚಲು ಆಗದಿದ್ದರೆ ಡಾಕ್ಟರಿಗೆ ತೋರಿಸಿ. ಉಂಗುರ, ಬಳೆ, ವಾಚು ಮೊದಲೇ ತೆಗೆದಿಟ್ಟಿರಬೇಕು.

ಬೆಳಗಿನ ಇಬ್ಬನಿ ಅಥವಾ ಟ್ಯಾಂಕ್ ತುಂಬಿ ಚೆಲ್ಲಿದ ನೀರು ಟೆರೇಸ್ ಮೇಲಿದ್ದರೆ ಒಣಗುವ ತನಕ ಕಾಯಿರಿ. ಹಸಿರು ಪಾಚಿ ಇದ್ದರೆ ಒಣಗಿದರೂ ನಂಬಬೇಡಿ, ಉಜ್ಜಿ ತೊಳೆಯಿರಿ.

ಇನ್ನೊಂದು ಸೂಚನೆ ಕೆಳಗಿನ ಮನೆಯಿಂದ ಬರುತ್ತದೆ. ನೀವು ಟೆರೇಸ್ ಮೇಲೆ ಪುಟಿಸುವ ಪ್ರತಿ ಚೆಂಡೂ ಅವರ ತಲೆಯ ಮೇಲೆ ಗುದ್ದಿದ ಹಾಗೆ ಕೇಳಿಸುತ್ತದೆ. ಮಧ್ಯಾಹ್ನ ಊಟದ ನಂತರ ಆಡಬೇಡಿ. ಮಾರ್ಚ್‌ನಲ್ಲಿ ಅವರ ಮನೆಯಲ್ಲಿ ಎಸ್‌ಎಸ್‌ಎಲ್‌ಸಿ ಮಗು ಇದ್ದರೆ ಪರೀಕ್ಷೆ ಮುಗಿಯುವ ತನಕ ಆಟ ಬೇರೆ ಕಡೆ ಇಟ್ಟುಕೊಳ್ಳಿ.

## ಹಂತ 10: ಬರೆದಿಡುವುದು, ಗೆರೆ ಸರಿಸುವುದು

ಒಟ್ಟು ಅಂಕ ಮಾತ್ರ ಬರೆದರೆ ಉಪಯೋಗ ಇಲ್ಲ. ಯಾವ ಜಾಗದಿಂದ ಐದಕ್ಕೆ ಎಷ್ಟು ಅಂತ ಬರೆಯಿರಿ. ಮೂರು ವಾರ ಬರೆದರೆ ಒಬ್ಬೊಬ್ಬರ ಸೋಲುವ ಜಾಗ ಕಾಣುತ್ತದೆ. ಬಲಗೈಯ ಮಗಳು ಎಡ ವಿಂಗ್‌ನಲ್ಲಿ ಯಾವಾಗಲೂ ಒಂದೇ ಹಾಕುತ್ತಿದ್ದರೆ ವಾರದ ಅಭ್ಯಾಸ ಅಲ್ಲೇ ಆಗಲಿ. ಎಲ್ಲ ಮನಿ ಬಾಲ್ ಇರುವ ಜಾಗ ಯಾವುದು ಇರಬೇಕು ಅನ್ನುವುದಕ್ಕೂ ಈ ಪುಸ್ತಕವೇ ಉತ್ತರ ಹೇಳುತ್ತದೆ. ಹುಡುಗರು ಮಾತ್ರ ಇಷ್ಟವಾದ ಜಾಗ ಆರಿಸುತ್ತಾರೆ, ಬೀಳುವ ಜಾಗವನ್ನಲ್ಲ.

ಐದು ಜಾಗದಲ್ಲೂ ಐದಕ್ಕೆ ಎರಡಾದರೂ ಬೀಳುತ್ತಿದ್ದರೆ ಗೆರೆಯನ್ನು ಅರ್ಧ ಮೀಟರ್ ಹಿಂದೆ ಸರಿಸಿ. ಒಂದು ಜಾಗದಲ್ಲಿ ಸೊನ್ನೆ ಇದ್ದರೂ ಸರಿಸಬೇಡಿ. ಹೊಸ ದೂರಕ್ಕೆ ಮತ್ತೆ ಹುರಿ ಹಿಡಿದೇ ಎಳೆಯಿರಿ. ಕಣ್ಣಳತೆಯಲ್ಲಿ ಸರಿಸಿದ ಗೆರೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತಗ್ಗಿರುತ್ತದೆ. ಆಮೇಲೆ ಬರೆದಿಟ್ಟ ಅಂಕಗಳನ್ನು ಹೋಲಿಸಲು ಆಗುವುದಿಲ್ಲ. ಆ ಹುರಿಯನ್ನು ಸುತ್ತಿ, ಮೇಲೆ ಅಳತೆ ಬರೆದು, ಪಂಪಿನ ಜೊತೆ ಒಂದೇ ಚೀಲದಲ್ಲಿ ಇಡಿ. ಇಲ್ಲದಿದ್ದರೆ ಮುಂದಿನ ಭಾನುವಾರ ಅದು ಬಟ್ಟೆ ಒಣಗಿಸುವ ಹಗ್ಗವಾಗಿರುತ್ತದೆ.